ಯುದ್ಧದಲ್ಲಿ ತೀರಿಕೊಂಡ ಮನೆಯವರನ್ನು ಹುಡುಕಿ, ಹೆಸರು ಹಿಡಿದು ನೆನೆಯುವುದು ಹೇಗೆ?

ನಮ್ಮ ಅಜ್ಜಿಗೆ ಒಬ್ಬ ಅಣ್ಣ ಇದ್ದರು. ಊರಲ್ಲಿ ಎಲ್ಲರೂ ಅವರನ್ನು ‘ಮಿಲಿಟ್ರಿ ತಾತ’ ಅಂತ ಕರೆಯುತ್ತಿದ್ದರು. ನಡುಮನೆಯ ಗೋಡೆಯ ಮೇಲೆ ಅವರ ಫೋಟೋ ಇತ್ತು. ಖಾಕಿ ಶರಟು, ಓರೆ ಟೋಪಿ, ಇನ್ನೂ ಸರಿಯಾಗಿ ಮೂಡದ ಮೀಸೆ. ತೀರಿಕೊಂಡಾಗ ಅವರಿಗೆ 22 ವರ್ಷ. ಈಗ ನನ್ನ ಮಗನಿಗೆ ಅಷ್ಟೇ ವಯಸ್ಸು. ಆದರೂ ಅವರು ತಾತ.

ಅವರ ಬಗ್ಗೆ ಮನೆಯಲ್ಲಿ ಮೂರೇ ಮಾತು ಉಳಿದಿತ್ತು. ಮಿಲಿಟ್ರಿಗೆ ಹೋದ, ಬರ್ಮಾದಲ್ಲಿ ಸತ್ತ, ಹೆಣ ಬರಲಿಲ್ಲ. ಯಾವ ದಳದಲ್ಲಿದ್ದರು, ಯಾವ ದಿನ ಸತ್ತರು, ಅವರ ಹೆಸರು ಎಲ್ಲಾದರೂ ಬರೆದಿದೆಯಾ ಅಂತ ಯಾರಿಗೂ ಗೊತ್ತಿರಲಿಲ್ಲ. ಫೋಟೋಗೆ ವರ್ಷ ವರ್ಷ ಹಾರ ಮಾತ್ರ ಬೀಳುತ್ತಿತ್ತು.

ಕರ್ನಾಟಕದಲ್ಲಿ ಇಂಥ ಮನೆಗಳು ಬಹಳ ಇವೆ. ಕೊಡಗಿನಲ್ಲಂತೂ ಸೇನೆಗೆ ಹೋದವರಿಲ್ಲದ ಒಕ್ಕ (ಮನೆತನ) ಸಿಗುವುದೇ ಕಷ್ಟ. ಬೆಳಗಾವಿ, ಧಾರವಾಡ ಕಡೆಯಿಂದ ಮರಾಠಾ ರೆಜಿಮೆಂಟಿಗೆ ಹೋದವರು, ಹಳೇ ಮೈಸೂರಿನಿಂದ ಸ್ಯಾಪರ್ಸ್‌ಗೆ (ಸೇನೆಗೆ ಸೇತುವೆ, ದಾರಿ ಕಟ್ಟುವ ದಳ), ಮಹಾರಾಜರ ದಳಗಳಿಗೆ ಹೋದವರು ಎಷ್ಟೋ ಜನ. ನಾನು ಹುಡುಕಿದ ದಾರಿಯಲ್ಲಿ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನನ್ನ ಅಭಿಪ್ರಾಯ ಇಷ್ಟೇ: ಹಾರ ಹಾಕುವ ಮುಂಚೆ ಅವರ ಹೆಸರು, ದಿನ, ಜಾಗ ಮೂರನ್ನೂ ಸರಿಯಾಗಿ ಬರೆದಿಡಿ. ಉಳಿದದ್ದೆಲ್ಲ ಆಮೇಲೆ.

1. ಮೊದಲು ಟ್ರಂಕು ತೆಗೆಯಿರಿ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಅಟ್ಟದ ಮೇಲಿನ ಟ್ರಂಕು, ದೇವರ ಮನೆಯ ಗೂಡು, ಬೀರುವಿನ ತಳದ ಖಾನೆ ನೋಡಿ. ನೀವು ಹುಡುಕಬೇಕಾದದ್ದು ಒಂದು ಸಂಖ್ಯೆ. ಸೈನಿಕನಿಗೆ ಸೇನೆ ಕೊಟ್ಟ ಸರ್ವಿಸ್ ನಂಬರು. ಹೆಸರು ಹತ್ತು ಜನಕ್ಕೆ ಇರಬಹುದು, ನಂಬರಿನ ಜೊತೆ ದಳದ ಹೆಸರೂ ಸಿಕ್ಕಿದರೆ ಅದು ಒಬ್ಬರದೇ.

ನಂಬರು ಎಲ್ಲಿ ಸಿಗುತ್ತದೆ? ಪಿಂಚಣಿ ಪುಸ್ತಕದಲ್ಲಿ, ಹಳೆಯ ಮನಿಯಾರ್ಡರ್ ತುಂಡಿನಲ್ಲಿ, ಸೇನೆಯಿಂದ ಬಂದ ಕಾಗದದಲ್ಲಿ, ಪದಕದ ಅಂಚಿನಲ್ಲಿ. ನಮ್ಮ ಮನೆಯಲ್ಲಿ ಸಿಕ್ಕಿದ್ದು ಮುತ್ತಜ್ಜಿಯ ಪಿಂಚಣಿ ಪುಸ್ತಕದಲ್ಲಿ. ಮಗ ಸತ್ತದ್ದಕ್ಕೆ ತಿಂಗಳು ತಿಂಗಳು ಬರುತ್ತಿದ್ದ ಹಣದ ಲೆಕ್ಕ. ಪ್ರತಿ ಸಾಲಿನ ಮುಂದೆ ಆಕೆಯ ಎಡಗೈ ಹೆಬ್ಬೆಟ್ಟಿನ ಗುರುತು. ಮೊದಮೊದಲ ಪುಟಗಳಲ್ಲಿ ಗೆರೆಗಳು ಸ್ಪಷ್ಟವಾಗಿವೆ. ಕೊನೆಯ ಪುಟಗಳಲ್ಲಿ ಬೆರಳು ಸವೆದು ಬರೀ ನೀಲಿ ಮಚ್ಚೆ. ಆ ಪುಸ್ತಕದ ರಟ್ಟಿನ ಒಳಗಡೆ ತಾತನ ನಂಬರು, ದಳ ಎರಡೂ ಇತ್ತು. ಅಷ್ಟು ವರ್ಷ ಯಾರೂ ತೆರೆದು ನೋಡಿರಲಿಲ್ಲ.

ಪದಕಗಳಿದ್ದರೆ ಅಂಚನ್ನು ಬೆಳಕಿಗೆ ಹಿಡಿದು, ನಿಧಾನವಾಗಿ ತಿರುಗಿಸುತ್ತಾ ನೋಡಿ. ಮೊದಲ ಮಹಾಯುದ್ಧದ ದುಂಡು ಪದಕಗಳ ಅಂಚಿನಲ್ಲಿ ನಂಬರು, ಹುದ್ದೆ, ಹೆಸರು, ದಳ ಕೆತ್ತಿರುತ್ತಾರೆ. ಎರಡನೇ ಯುದ್ಧದ ಎಲ್ಲ ಪದಕಗಳಲ್ಲೂ ಹೆಸರು ಇರುವುದಿಲ್ಲ. ಆದರೆ ಪದಕವೇ ಒಂದು ಸುಳಿವು. ಆರು ಮೂಲೆಯ ನಕ್ಷತ್ರದ ಮೇಲೆ ಬರ್ಮಾ ಸ್ಟಾರ್ ಎಂದಿದ್ದರೆ ಬರ್ಮಾ ಕಡೆ ಹೋದವರು, ಆಫ್ರಿಕಾ ಸ್ಟಾರ್ ಇದ್ದರೆ ಆಫ್ರಿಕಾ ಮರುಭೂಮಿ ಕಡೆ. ಸ್ವಾತಂತ್ರ್ಯದ ನಂತರದ್ದಾದರೆ 1965ಕ್ಕೆ ಸಮರ ಸೇವಾ ಸ್ಟಾರ್, 1971ಕ್ಕೆ ಪೂರ್ವಿ ಸ್ಟಾರ್ ಇಲ್ಲವೇ ಪಶ್ಚಿಮಿ ಸ್ಟಾರ್.

ಕೆಲವು ಮನೆಗಳಲ್ಲಿ ಅಂಗೈಗಿಂತ ದೊಡ್ಡದಾದ, ಸುಮಾರು 12 ಸೆಂಟಿಮೀಟರ್ ಅಗಲದ ಕಂಚಿನ ಬಿಲ್ಲೆ ಇರುತ್ತದೆ. ಒಬ್ಬ ಹೆಂಗಸು, ಒಂದು ಸಿಂಹ, ಚೌಕದೊಳಗೆ ಒಂದು ಹೆಸರು. ಅದನ್ನು ಹಳೆಯ ಪೂಜೆ ತಟ್ಟೆ ಅಂದುಕೊಂಡು ಗುಜರಿಗೆ ಹಾಕಬೇಡಿ. ಮೊದಲ ಮಹಾಯುದ್ಧದಲ್ಲಿ ಸತ್ತವರ ಮನೆಗೆ ಬ್ರಿಟಿಷ್ ಸರ್ಕಾರ ಕಳಿಸಿದ ಸ್ಮರಣ ಫಲಕ ಅದು. ಅದರ ಮೇಲೆ ಹುದ್ದೆ ಬರೆದಿರುವುದಿಲ್ಲ. ಜನರಲ್ ಆಗಲಿ ಸಿಪಾಯಿ ಆಗಲಿ, ಬರೀ ಹೆಸರು.

ಒಂದು ಎಚ್ಚರಿಕೆ. ಪದಕವನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ. ನಮ್ಮ ಚಿಕ್ಕಪ್ಪ ಪ್ರೀತಿಯಿಂದಲೇ ಒಂದು ಪದಕವನ್ನು ಪ್ರತಿ ಆಯುಧಪೂಜೆಗೆ ತಿಕ್ಕಿ ತಿಕ್ಕಿ ಅಂಚಿನ ಅಕ್ಷರ ಅರ್ಧ ಅಳಿಸಿಬಿಟ್ಟಿದ್ದರು. ಒಣ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

2. ಹಿರಿಯರ ಹತ್ತಿರ ಕೂತುಕೊಳ್ಳಿ, ಇವತ್ತೇ

ಎಲ್ಲಕ್ಕಿಂತ ಅವಸರದ ಕೆಲಸ ಇದು. ಕಾಗದ ಇನ್ನೂ ಹತ್ತು ವರ್ಷ ಇರಬಹುದು. 90 ದಾಟಿದ ಅತ್ತೆ ಇರುತ್ತಾರೆ ಅಂತ ಹೇಳೋಕಾಗಲ್ಲ.

‘ಯಾವ ವರ್ಷ ಸತ್ತರು?’ ಅಂತ ಶುರು ಮಾಡಿದರೆ ‘ನಂಗೇನ್ ಗೊತ್ತಪ್ಪ’ ಅನ್ನುತ್ತಾರೆ, ಮಾತು ಅಲ್ಲೇ ನಿಲ್ಲುತ್ತದೆ. ಕಣ್ಣಿಗೆ ಕಂಡದ್ದನ್ನು ಕೇಳಿ. ನಾನು ಅಜ್ಜಿಗೆ, ‘ಕಾಗದ ಬಂದಾಗ ನೀನು ಏನು ಮಾಡ್ತಿದ್ದೆ?’ ಅಂತ ಕೇಳಿದೆ. ಅಜ್ಜಿ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಹೇಳಿದರು: ‘ಹುಣಸೆಹಣ್ಣು ಕುಟ್ಟಿ ಬೀಜ ತೆಗೀತಿದ್ದೆ. ಯುಗಾದಿ ಆಗಿ ವಾರ ಆಗಿತ್ತು. ಸ್ಕೂಲ್ ಮೇಷ್ಟ್ರು ಬಂದ್ರು. ಯಾವಾಗ್ಲೂ ಜಗಲಿ ಹತ್ರ ಚಪ್ಪಲಿ ಬಿಡೋರು, ಅವತ್ತು ಬಿಡಲಿಲ್ಲ. ಹಂಗೇ ನಿಂತ್ಕೊಂಡ್ರು. ನನಗೆ ಗೊತ್ತಾಗ್ಹೋಯ್ತು.’

ಇಂಗ್ಲಿಷ್ ಕಾಗದ ಓದಲು ಊರಲ್ಲಿ ಇದ್ದವರು ಮೇಷ್ಟ್ರೊಬ್ಬರೇ. ಅಜ್ಜಿಗೆ ಆಗ 13 ವರ್ಷ.

ಆ ಒಂದು ಮಾತಿನಲ್ಲಿ ಎಷ್ಟು ಸಿಕ್ಕಿತು ನೋಡಿ. ಸುದ್ದಿ ಬಂದದ್ದು ಯುಗಾದಿ ಆದಮೇಲೆ. ಅಂದರೆ ಸಾವು ಅದಕ್ಕೂ ಕೆಲವು ವಾರ ಮುಂಚೆ ಆಗಿರಬೇಕು. ಮುಂದೆ ದಾಖಲೆ ಸಿಕ್ಕಾಗ ಅದೇ ನಿಜವಾಯಿತು. ನಮ್ಮ ಹಿರಿಯರು ಇಸವಿ ಹೇಳುವುದಿಲ್ಲ. ಹಬ್ಬ, ಸುಗ್ಗಿ, ಬರಗಾಲ, ಪ್ಲೇಗು, ಊರ ಜಾತ್ರೆ, ಯಾರದೋ ಮದುವೆ, ಇವುಗಳ ಲೆಕ್ಕ ಹೇಳುತ್ತಾರೆ. ಅದನ್ನು ಹಾಗೇ ಬರೆದುಕೊಳ್ಳಿ. ಹಳೆಯ ಪಂಚಾಂಗ ನೋಡಿ ಆಮೇಲೆ ತಾರೀಖಿಗೆ ತರಬಹುದು.

ಫೋನಿನಲ್ಲಿ ರೆಕಾರ್ಡ್ ಮಾಡಿ, ಆದರೆ ಕೇಳಿ ಮಾಡಿ. ಫೋಟೋ ಅವರ ಕೈಗೇ ಕೊಡಿ. ಊಟದಲ್ಲಿ ಏನು ಇಷ್ಟ ಇತ್ತು, ಯಾರ ಜೊತೆ ಜಗಳ ಆಡುತ್ತಿದ್ದರು, ರಜಕ್ಕೆ ಬಂದಾಗ ಏನು ತಂದಿದ್ದರು ಅಂತ ಕೇಳಿ. ಒಂದೇ ದಿನಕ್ಕೆ ಎಲ್ಲ ಕೇಳಬೇಡಿ. ಅಳು ಬಂದರೆ ನಿಲ್ಲಿಸಿ. ಮಾರನೇ ದಿನ ಅವರೇ ಕರೆದು ಇನ್ನೊಂದು ವಿಷಯ ಹೇಳುತ್ತಾರೆ.

3. ಯಾವ ಯುದ್ಧ, ಯಾರ ಸೇನೆ?

ಇದನ್ನು ಗೊತ್ತುಮಾಡಿಕೊಂಡರೆ ಎಲ್ಲಿ ಹುಡುಕಬೇಕು ಅನ್ನುವುದು ತಾನಾಗಿಯೇ ತಿಳಿಯುತ್ತದೆ.

1914ರಿಂದ 1918ರ ಯುದ್ಧಕ್ಕೆ, 1939ರಿಂದ 1945ರ ಯುದ್ಧಕ್ಕೆ ಹೋದವರು ಇದ್ದದ್ದು ಬ್ರಿಟಿಷ್ ಇಂಡಿಯನ್ ಆರ್ಮಿಯಲ್ಲಿ, ಇಲ್ಲವೇ ಸಂಸ್ಥಾನದ ಸೇನೆಯಲ್ಲಿ. ಆಗ ನಮ್ಮ ನಾಡು ಹಂಚಿಹೋಗಿತ್ತು. ಬೆಳಗಾವಿ, ಧಾರವಾಡ, ಬಿಜಾಪುರ ಮುಂಬೈ ಪ್ರಾಂತ್ಯ. ಬಳ್ಳಾರಿ, ಮಂಗಳೂರು ಮದ್ರಾಸ್ ಪ್ರಾಂತ್ಯ. ಕಲಬುರಗಿ, ರಾಯಚೂರು ನಿಜಾಮರದ್ದು. ಕೊಡಗು ಬೇರೆಯೇ. ಮಿಕ್ಕದ್ದು ಹೆಚ್ಚುಕಡಿಮೆ ಮೈಸೂರು. ಯಾವ ಪ್ರಾಂತ್ಯವೋ ಅಲ್ಲಿನ ದಳಕ್ಕೆ ಸೇರುವುದು ಜಾಸ್ತಿ. ಮರಾಠಾ ದಳದವರು ಮೊದಲ ಯುದ್ಧದಲ್ಲಿ ಇರಾಕಿನಲ್ಲಿ, ಎರಡನೆಯದರಲ್ಲಿ ಇಟಲಿಯಲ್ಲೂ ಹೋರಾಡಿದರು. ಮೈಸೂರು ಲ್ಯಾನ್ಸರ್ಸ್ ಅಂದರೆ ಮಹಾರಾಜರ ಕುದುರೆ ದಳ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದ ಜೊತೆ ಸೇರಿ ಹೈಫಾ ಪಟ್ಟಣವನ್ನು ಗೆದ್ದದ್ದು ಇವರೇ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, ಮತ್ತೆರಡು ಜೋಧಪುರ, ಹೈದರಾಬಾದಿನವು. ಎರಡನೇ ಯುದ್ಧದಲ್ಲಿ ಮೈಸೂರು ಇನ್‌ಫೆಂಟ್ರಿಯ ಒಂದು ಬೆಟಾಲಿಯನ್ ಸಿಂಗಾಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಸಿಂಗಾಪುರ ಬಿದ್ದಾಗ ಅವರೂ ಜಪಾನಿಗಳ ಕೈಗೆ ಸೆರೆಯಾದರು.

ನಿಮ್ಮ ಮನೆಯವರು ಸಿಂಗಾಪುರದಲ್ಲಿ ಸೆರೆಯಾಗಿ ಆಮೇಲೆ ನೇತಾಜಿಯವರ ಆಜಾದ್ ಹಿಂದ್ ಫೌಜ್ ಸೇರಿರಬಹುದು. ಆಗ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರವನ್ನು, ಅಂದರೆ ಹಳೆಯ ಸರ್ಕಾರಿ ಕಡತ ಇಟ್ಟಿರುವ ನ್ಯಾಷನಲ್ ಆರ್ಕೈವ್ಸ್ ಅನ್ನು ನೋಡಿ. ಅವರ ‘ಅಭಿಲೇಖ್ ಪಟಲ್’ ಎಂಬ ಜಾಲತಾಣದಲ್ಲಿ ಕಡತಗಳನ್ನು ಹುಡುಕಬಹುದು.

4. ಹೆಸರು ಹುಡುಕುವುದು

ಎರಡು ಮಹಾಯುದ್ಧಗಳಲ್ಲಿ ಸತ್ತವರಿಗೆ ಒಂದೇ ದೊಡ್ಡ ಪಟ್ಟಿ ಇದೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಸಂಸ್ಥೆ, 1917ರಲ್ಲಿ ಶುರುವಾದದ್ದು. 17 ಲಕ್ಷ ಜನರ ನೆನಪನ್ನು ಅದು ನೋಡಿಕೊಳ್ಳುತ್ತದೆ. ಅವರ ಜಾಲತಾಣದಲ್ಲಿ ಹುಡುಕಲು ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಇರುವುದು ಗುಂಡು ತಗುಲಿ ಸತ್ತವರಷ್ಟೇ ಅಲ್ಲ. ಸೇವೆಯಲ್ಲಿದ್ದಾಗ ಕಾಲರಾ, ಮಲೇರಿಯಾ ಬಂದು ಸತ್ತವರು, ಲಾರಿ ಮಗುಚಿ ಸತ್ತವರೂ ಇದ್ದಾರೆ. ಮೊದಲ ಯುದ್ಧಕ್ಕೆ 1921ರ ಆಗಸ್ಟ್ 31ರವರೆಗೆ, ಎರಡನೆಯದಕ್ಕೆ 1947ರ ಡಿಸೆಂಬರ್ 31ರವರೆಗೆ ಸತ್ತವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ‘ಅವರು ಯುದ್ಧ ಮುಗಿದ ಮೇಲೆ ಆಸ್ಪತ್ರೆಯಲ್ಲಿ ಸತ್ತರು, ಅವರ ಹೆಸರು ಇರಲ್ಲ’ ಅಂತ ಕೈಬಿಡಬೇಡಿ.

ನಂಬರು ಇದ್ದರೆ ನಂಬರು ಹಾಕಿ ಹುಡುಕಿ, ಐದು ನಿಮಿಷದ ಕೆಲಸ. ಇಲ್ಲದಿದ್ದರೆ ಹೆಸರು, ಅಲ್ಲಿ ತಾಳ್ಮೆ ಬೇಕು. ನಮ್ಮ ಹೆಸರುಗಳನ್ನು ಬರೆದುಕೊಂಡ ಗುಮಾಸ್ತರಿಗೆ ಕನ್ನಡ ಬರುತ್ತಿರಲಿಲ್ಲ, ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದರು. ‘ಗೌಡ’ ಅನ್ನುವುದನ್ನು ಓ-ಡಬ್ಲ್ಯೂ, ಓ-ಯು, ಎ-ಯು ಮೂರರಲ್ಲೂ ಹಾಕಿ ನೋಡಿ. ‘ಅಯ್ಯ’ ಅಂತ ಮುಗಿಯುವ ಹೆಸರಿಗೆ ಐ-ಎ-ಎಚ್ ಇರಬಹುದು, ಎ-ವೈ-ವೈ-ಎ ಇರಬಹುದು. ‘ಅಪ್ಪ’ ಅನ್ನುವಲ್ಲಿ ಒಂದೇ ಪಿ ಇರಬಹುದು. ‘ಶಿವ’ ಹೋಗಿ ‘ಸಿವ’ ಆಗಿರಬಹುದು. ತಕಾರಕ್ಕೆ ಒಮ್ಮೆ ಟಿ ಮಾತ್ರ, ಒಮ್ಮೆ ಟಿ-ಎಚ್. ‘ಕೃಷ್ಣ’ನಿಗಂತೂ ಐದಾರು ರೂಪ. ಹಾಳೆಯಲ್ಲಿ ಎಲ್ಲ ರೂಪಗಳನ್ನೂ ಬರೆದುಕೊಂಡು ಒಂದೊಂದನ್ನೇ ಹೊಡೆದುಹಾಕುತ್ತಾ ಹೋಗಿ.

ಇನ್ನೊಂದು ತೊಡಕು. ಅಲ್ಲಿ ಮನೆತನದ ಹೆಸರಿಗೆ ಒಂದು ಖಾನೆ, ಸ್ವಂತ ಹೆಸರಿಗೆ ಒಂದು ಖಾನೆ. ನಮ್ಮವರಿಗೆ ಇದ್ದದ್ದು ಒಂದೇ ಹೆಸರು. ಅದನ್ನು ಮನೆತನದ ಖಾನೆಯಲ್ಲಿ ಹಾಕಿ, ಇನ್ನೊಂದನ್ನು ಖಾಲಿ ಬಿಡಿ. ಸೇನೆ ಯಾವುದು ಅನ್ನುವಲ್ಲಿ ಇಂಡಿಯನ್ ಅಂತ ಆರಿಸಿಕೊಳ್ಳಿ.

ಊರಿನ ಹೆಸರಿಗೂ ಇದೇ ಪಾಡು. ಮಡಿಕೇರಿ ‘ಮರ್ಕಾರಾ’, ಕೊಡಗು ‘ಕೂರ್ಗ್’, ಚಿತ್ರದುರ್ಗ ‘ಚಿತಲ್‌ದ್ರೂಗ್’, ಶ್ರೀರಂಗಪಟ್ಟಣ ‘ಸೆರಿಂಗಪಟಂ’ ಆಗಿರುತ್ತದೆ. ಜಿಲ್ಲೆಯೂ ಬದಲಾಗಿರುತ್ತದೆ. ಮಂಡ್ಯ ಜಿಲ್ಲೆ ಆದದ್ದೇ 1939ರಲ್ಲಿ, ಅದಕ್ಕೆ ಮುಂಚೆ ಮೈಸೂರು ಜಿಲ್ಲೆ. ಗದಗ, ಹಾವೇರಿ ಎರಡೂ 1997ರವರೆಗೆ ಧಾರವಾಡದಲ್ಲಿದ್ದವು. ಉಡುಪಿಯವರು ಸೌತ್ ಕೆನರಾ ಅಂತ ನೋಡಬೇಕು.

ನಮಗೆ ತಾತ ಸಿಕ್ಕಿದ್ದು ಒಂದು ರಾತ್ರಿ ಹನ್ನೊಂದು ಗಂಟೆಗೆ. ಪಿಂಚಣಿ ಪುಸ್ತಕದ ನಂಬರಿನ ಒಂದು ಅಂಕಿ ನಾನು ತಪ್ಪು ಓದಿದ್ದೆ, 1 ಅಂದುಕೊಂಡದ್ದು 7. ಸರಿ ಮಾಡಿ ಹಾಕಿದ ತಕ್ಷಣ ಒಂದೇ ಸಾಲು ಬಂತು. ಹೆಸರು ವಿಚಿತ್ರವಾಗಿ ಬರೆದಿತ್ತು. ಸ್ಯಾಪರ್, ಮದ್ರಾಸ್ ಸ್ಯಾಪರ್ಸ್ ಆ್ಯಂಡ್ ಮೈನರ್ಸ್. 1945ರ ಫೆಬ್ರವರಿ ಕೊನೆಯ ವಾರದ ಒಂದು ದಿನ. ವಯಸ್ಸು 22. ಅದರ ಕೆಳಗೆ ‘ಇಂಥವರ ಮಗ, ಮೈಸೂರು’ ಅಂತ ಮುತ್ತಜ್ಜ, ಮುತ್ತಜ್ಜಿ ಇಬ್ಬರ ಹೆಸರೂ ಇತ್ತು. ಹೆಬ್ಬೆಟ್ಟು ಒತ್ತುತ್ತಿದ್ದ ಮುತ್ತಜ್ಜಿಯ ಹೆಸರು ಅಚ್ಚಿನಲ್ಲಿ ನಾನು ನೋಡಿದ್ದು ಅದೇ ಮೊದಲು. ಎಷ್ಟೋ ದಾಖಲೆಗಳಲ್ಲಿ ಹೆಂಡತಿಯ ಹೆಸರೂ ಇರುತ್ತದೆ. ನಿಮ್ಮ ವಂಶವೃಕ್ಷದಲ್ಲಿ ಕಳೆದುಹೋದ ಹೆಣ್ಣುಮಕ್ಕಳ ಹೆಸರು ಹೀಗೂ ಸಿಗಬಹುದು.

ದಾಖಲೆಯಲ್ಲಿ ಸ್ಮಾರಕದ ಹೆಸರು, ಅದರ ಮೇಲೆ ಹೆಸರು ಎಲ್ಲಿದೆ ಅನ್ನುವ ಗುರುತು ಇರುತ್ತದೆ. ನಮ್ಮ ತಾತನದ್ದು ರಂಗೂನ್ ಸ್ಮಾರಕ. ಮ್ಯಾನ್ಮಾರಿನ ತೌಕ್ಯಾನ್ ಎಂಬಲ್ಲಿ ಉದ್ದ ಕಂಬಗಳ ಸಾಲು, ಕಂಬಗಳ ಮೇಲೆ ಸುಮಾರು 27,000 ಹೆಸರು. ಎಲ್ಲರೂ ಬರ್ಮಾ, ಅಸ್ಸಾಂ ಕಡೆ ಸತ್ತು, ಸಮಾಧಿ ಸಿಗದವರು. ಜೊತೆಯವರಿಗೆ ಸಿಕ್ಕ ಅಂತ್ಯಸಂಸ್ಕಾರ ಯುದ್ಧದ ಕಾರಣ ಇವರಿಗೆ ಸಿಗಲಿಲ್ಲ ಅನ್ನುವ ಅರ್ಥದ ಮಾತು ಅಲ್ಲಿ ಕೆತ್ತಿದೆ. ಅದನ್ನು ಓದಿದಾಗ ನನಗೆ ಅಜ್ಜಿ ಹೇಳುತ್ತಿದ್ದ ‘ಒಂದು ಹಿಡಿ ಮಣ್ಣು ಹಾಕಕ್ಕೂ ಆಗಲಿಲ್ಲ’ ಅನ್ನುವ ಮಾತು ನೆನಪಾಯಿತು. ಅಜ್ಜಿ ಹೋಗಿ ಆಗಲೇ ಎರಡು ವರ್ಷ ಆಗಿತ್ತು.

ಸಿಂಗಾಪುರ, ಮಲಯಾ ಕಡೆಯವರಾದರೆ ಕ್ರಾಂಜಿಯ ಸಿಂಗಾಪುರ ಸ್ಮಾರಕ, 24,000ಕ್ಕೂ ಹೆಚ್ಚು ಹೆಸರು. ಫ್ರಾನ್ಸಿನಲ್ಲಿ ನವ್ ಶಪೆಲ್, 4,700ಕ್ಕೂ ಹೆಚ್ಚು. ಇಂಫಾಲದಲ್ಲಿ ದಹನವಾದ ಹಿಂದೂ, ಸಿಖ್ ಸೈನಿಕರಿಗೆ ಅಲ್ಲೇ ಬೇರೆ ಸ್ಮಾರಕ ಇದೆ.

ಬಸ್ರಾ ಬಗ್ಗೆ ಒಂದು ಮಾತು ಹೇಳಲೇಬೇಕು. ಇರಾಕಿನ ಆ ಸ್ಮಾರಕದ ಗೋಡೆಯ ಮೇಲೆ ಬ್ರಿಟಿಷ್ ಸೈನಿಕರ ಹೆಸರು ಬರೆದರು. ಭಾರತದ ಸಾಮಾನ್ಯ ಸಿಪಾಯಿಗಳಿಗೆ ದಳದ ಹೆಸರು, ಸತ್ತವರ ಸಂಖ್ಯೆ ಮಾತ್ರ. ಆಫ್ರಿಕಾದ ಎಷ್ಟೋ ಕಡೆ ಅದೂ ಇಲ್ಲ. 2021ರಲ್ಲಿ ಕಮಿಷನ್ನೇ ತನಿಖೆ ಮಾಡಿಸಿ, ಮೊದಲ ಯುದ್ಧದಲ್ಲಿ ಕಡಿಮೆ ಅಂದರೂ 1,16,000 ಜನರ ಹೆಸರು ಎಲ್ಲೂ ಬರೆಯಲಿಲ್ಲ ಅಂತ ಒಪ್ಪಿಕೊಂಡು ಕ್ಷಮೆ ಕೇಳಿತು. ಅವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ, ಈಜಿಪ್ಟ್ ಕಡೆಯವರು. ಹಾಗಾಗಿ ಹೆಸರು ಸಿಗದಿದ್ದರೆ ನಿಮ್ಮ ಮನೆಯವರು ಹೋಗಿಯೇ ಇರಲಿಲ್ಲ ಅಂತ ಅಂದುಕೊಳ್ಳಬೇಡಿ. ಕೈಯಲ್ಲಿರುವ ಪಿಂಚಣಿ ಕಾಗದ, ಪದಕದ ಫೋಟೋ ಕಳಿಸಿ, ಹೆಸರು ಸೇರಿಸಿ ಅಂತ ಕೇಳಬಹುದು. ತಪ್ಪಾಗಿ ಬರೆದಿದ್ದರೂ ದಾಖಲೆ ಕೊಟ್ಟು ತಿದ್ದಿಸಬಹುದು.

5. 1947ರ ನಂತರದವರಾದರೆ

1947-48ರ ಕಾಶ್ಮೀರ, 1961ರ ಗೋವಾ, 1962, 1965, 1971, ಸಿಯಾಚಿನ್, ಶ್ರೀಲಂಕಾ, 1999ರ ಕಾರ್ಗಿಲ್, ಹೀಗೆ ಸ್ವತಂತ್ರ ಭಾರತದ ಸೇನೆಯಲ್ಲಿ ಪ್ರಾಣ ಕೊಟ್ಟವರ ಹೆಸರು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿದೆ. 2019ರ ಫೆಬ್ರವರಿ 25ರಂದು ಉದ್ಘಾಟನೆಯಾದದ್ದು. ಇಂಡಿಯಾ ಗೇಟಿನ ಪಕ್ಕದಲ್ಲೇ ಇದೆ. ಅಲ್ಲಿನ ‘ತ್ಯಾಗ ಚಕ್ರ’ದ ಗೋಡೆಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗ್ರಾನೈಟ್ ಫಲಕ, ಉದ್ಘಾಟನೆಯ ಹೊತ್ತಿಗೆ 25,942 ಹೆಸರು. ಮೊದಲು ಸ್ಮಾರಕದ ಜಾಲತಾಣದಲ್ಲಿ ಹೆಸರು ಹುಡುಕಿ, ಗೋಡೆಯ ಗುರುತು ಬರೆದುಕೊಂಡು ಹೋಗಿ. ಇಲ್ಲದಿದ್ದರೆ ಬಿಸಿಲಲ್ಲಿ ಸುತ್ತಿ ಸುತ್ತಿ ಸುಸ್ತಾಗುತ್ತದೆ. ಸಂಜೆ ಹೊತ್ತು ಹುತಾತ್ಮರ ಮನೆಯವರಿಂದ ಪುಷ್ಪಚಕ್ರ ಇಡಿಸುವ ಕ್ರಮ ಇದೆ. ನಿಮ್ಮ ಸರದಿಗಾಗಿ ಮುಂಚೆಯೇ ಬರೆದು ಕೇಳಿ.

ನೌಕಾಪಡೆಯ ಐಎನ್‌ಎಸ್ ಖುಕ್ರಿ ಹಡಗು 1971ರ ಡಿಸೆಂಬರ್ 9ರ ರಾತ್ರಿ ಮುಳುಗಿ 18 ಅಧಿಕಾರಿಗಳು, 176 ನಾವಿಕರು ಸತ್ತರು. ಅವರಿಗೆ ದೀವ್‌ನಲ್ಲಿ ಕಡಲ ಕಡೆ ಮುಖ ಮಾಡಿದ ಸ್ಮಾರಕ ಇದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಸೈನಿಕ ಸ್ಮಾರಕವಿದೆ. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ.

ಹೆಚ್ಚಿನ ವಿವರ ಬೇಕಾದರೆ ಆಯಾ ದಳದ ರೆಕಾರ್ಡ್ಸ್ ಆಫೀಸಿಗೆ ಕಾಗದ ಬರೆಯಬೇಕು. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಅಂದರೆ ಹಿಂದಿನ ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನಲ್ಲೇ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿ ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟ್ ನೀಲಗಿರಿಯ ವೆಲಿಂಗ್ಟನ್‌ನಲ್ಲಿ. ನಾವಿಕರ ದಾಖಲೆ ಮುಂಬೈಯಲ್ಲಿ, ವಾಯುಪಡೆಯದು ದೆಹಲಿಯ ಸುಬ್ರೊತೊ ಪಾರ್ಕ್‌ನಲ್ಲಿ. ಕಾಗದದಲ್ಲಿ ನಂಬರು, ಹುದ್ದೆ, ಹೆಸರು, ಊರು, ತಾಲ್ಲೂಕು, ಆಗಿನ ಜಿಲ್ಲೆ, ನಿಮಗೆ ಅವರು ಏನಾಗಬೇಕು ಅನ್ನುವುದನ್ನು ಬರೆಯಿರಿ. ಪಿಂಚಣಿ ಪುಸ್ತಕದ ಜೆರಾಕ್ಸ್ ಜೊತೆಗಿರಲಿ, ಮೂಲ ಪ್ರತಿ ಯಾರಿಗೂ ಕೊಡಬೇಡಿ. ಕಡತ ನಾಶವಾಗಿದೆ ಅಂತ ಉತ್ತರ ಬಂದರೆ ‘ಲಾಂಗ್ ರೋಲ್’ನಲ್ಲಿ (ದಳದವರ ಹೆಸರಿನ ದೊಡ್ಡ ಪಟ್ಟಿ) ಏನಿದೆ ನೋಡಿ ಅಂತ ಇನ್ನೊಂದು ಕಾಗದ ಬರೆಯಿರಿ. ನನಗೆ ಮೊದಲ ಎರಡು ಕಾಗದಕ್ಕೆ ಉತ್ತರವೇ ಬರಲಿಲ್ಲ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳಿಸಿದ ಮೂರನೆಯದಕ್ಕೆ ಬಂತು.

ಸುಮ್ನೆ ಯಾಕೆ ಇಷ್ಟು ಓಡಾಟ ಅನ್ನಿಸಿದಾಗ ನಾನು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನು ನೆನೆಯುತ್ತಿದ್ದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ತನ್ನ ವಿಮಾನಕ್ಕಿಂತ ಬಹಳ ವೇಗದ ಶತ್ರು ವಿಮಾನವನ್ನು ಹೊಡೆದುರುಳಿಸಿ ಅವರು ಸತ್ತರು ಅನ್ನುವುದು ಇಲ್ಲಿ ತಿಳಿಯಲು ವರ್ಷಗಳೇ ಬೇಕಾದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಮೇಲೆ.

6. ಸಿಕ್ಕಿದ್ದನ್ನು ಉಳಿಸುವುದು

ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿಗೆ ಹಳೆಯ ಕಾಗದ ಕಂದುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಗಾಜಿನ ಮೇಲಿಂದಲೇ ಕಿಟಕಿ ಬೆಳಕಿನಲ್ಲಿ ಓರೆಯಾಗಿ ಫೋಟೋ ತೆಗೆಯಿರಿ. ಬಿಡಿ ಫೋಟೋ ಆದರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಹಿಂಭಾಗವನ್ನೂ ಮಾಡಿಸಿ, ಸ್ಟುಡಿಯೋದ ಮುದ್ರೆ ಅಲ್ಲೇ ಇರುವುದು. ಮಲೆನಾಡು, ಕೊಡಗಿನ ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಡಬೇಡಿ. ಫೋಟೋ ಹಿಂದೆ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ ಬಳಸಿ. ಬಾಲ್‌ಪೆನ್ನು ಒತ್ತಿ ಬರೆದರೆ ಮುಖದ ಮೇಲೆ ಗೆರೆ ಬೀಳುತ್ತದೆ.

ಕಥೆ ಬರೆಯುವಾಗ ಗೊತ್ತಿದ್ದಷ್ಟೇ ಬರೆಯಿರಿ. ಯುದ್ಧಕ್ಕೆ ಹೋದ ಎಲ್ಲರಿಗೂ ಕೊಡುವ ಪದಕವನ್ನು ಶೌರ್ಯ ಪದಕ ಅಂತ ವಾಟ್ಸಾಪ್‌ನಲ್ಲಿ ಹಾಕಬೇಡಿ. ನಮ್ಮ ತಾತ ಸೇತುವೆ ಕಟ್ಟುವ ದಳದಲ್ಲಿದ್ದರು. ಅವರು ಎಷ್ಟು ಜನರನ್ನು ಕೊಂದರು ಅಂತ ಯಾರೋ ಹುಡುಗ ಕೇಳಿದ. ‘ಗೊತ್ತಿಲ್ಲ, ಅವರು ಬೇರೆಯವರು ದಾಟಲಿ ಅಂತ ಸೇತುವೆ ಕಟ್ಟುತ್ತಿದ್ದರು’ ಅಂದೆ. ಅವರಿಗೆ ಬೇರೆ ಬಣ್ಣ ಹಚ್ಚುವ ಅಗತ್ಯ ನನಗೆ ಕಾಣಲಿಲ್ಲ.

7. ಒಂದು ದಿನ ಗೊತ್ತುಮಾಡಿಕೊಳ್ಳಿ

ನಾವು ಅಷ್ಟು ವರ್ಷ ಕಾಗದ ಬಂದ ದಿನವನ್ನೇ ಸಾವಿನ ದಿನ ಅಂದುಕೊಂಡು ಯುಗಾದಿ ಆದ ವಾರಕ್ಕೆ ಎಡೆ ಇಡುತ್ತಿದ್ದೆವು. ತಾರೀಖು ಸಿಕ್ಕ ಮೇಲೆ ಪುರೋಹಿತರು ಹಳೆಯ ಪಂಚಾಂಗ ನೋಡಿ ತಿಥಿ ಹೇಳಿದರು. ತಾರೀಖು ಸಿಗದಿದ್ದರೂ ದಾರಿ ಇದೆ. ಪಿತೃಪಕ್ಷದ ಚತುರ್ದಶಿಯನ್ನು ಘಾತ ಚತುರ್ದಶಿ ಅನ್ನುತ್ತಾರೆ. ಆಯುಧದಿಂದ, ಅಪಘಾತದಿಂದ ಸತ್ತವರಿಗೆಂದೇ ಇರುವ ದಿನ ಅದು. ಮಾರನೇ ದಿನದ ಮಹಾಲಯ ಅಮಾವಾಸ್ಯೆ ಎಲ್ಲ ಹಿರಿಯರಿಗೂ ಆಗುತ್ತದೆ. ಕೊಡವರ ಐನ್‌ಮನೆಯಲ್ಲಿ (ಮನೆತನದ ಮೂಲ ಮನೆ) ಕಾರಣರಿಗೆ, ಅಂದರೆ ಹಿರಿಯರಿಗೆ, ಮೀದಿ (ಎಡೆ) ಇಡುವಾಗ ಅವರ ಹೆಸರು ಎತ್ತಿ ಹೇಳಬಹುದು. ಕ್ರೈಸ್ತರಿಗೆ ನವೆಂಬರ್ 2 ಇದೆ, ಮುಸಲ್ಮಾನರ ಮನೆಯಲ್ಲಿ ಫಾತಿಹಾ ಓದಿಸುತ್ತಾರೆ. ಇದು ಯಾವುದೂ ಒಗ್ಗದವರು ನವೆಂಬರ್ 11 (ಮೊದಲ ಮಹಾಯುದ್ಧ ನಿಂತ ದಿನ), ಡಿಸೆಂಬರ್ 16 (1971ರ ವಿಜಯ ದಿನ), ಜುಲೈ 26 (ಕಾರ್ಗಿಲ್ ವಿಜಯ ದಿನ), ಅವರವರ ಯುದ್ಧಕ್ಕೆ ಹೊಂದುವ ದಿನ ಆರಿಸಿಕೊಳ್ಳಲಿ.

ಆ ದಿನ ಮಕ್ಕಳಿಗೆ ಒಂದು ಕೆಲಸ ಕೊಡಿ. ನಮ್ಮಲ್ಲಿ ಚಿಕ್ಕ ಮಗು ಯಾರೋ ಅವರು ದಾಖಲೆಯನ್ನು ಗಟ್ಟಿಯಾಗಿ ಓದಬೇಕು: ಹೆಸರು, ತಂದೆ ತಾಯಿ, ಊರು, ದಳ, ದಿನ. ಅರ್ಧ ನಿಮಿಷವೂ ಆಗುವುದಿಲ್ಲ. ಎಡೆಗೆ ಅಜ್ಜಿ ಹೇಳಿದ್ದ ಹುರಿಟ್ಟು, ಬೆಲ್ಲ ಇಡುತ್ತೇವೆ. ರಜ ಮುಗಿಸಿ ಕೊನೇ ಸಲ ಹೊರಟಾಗ ಅವರು ಕಟ್ಟಿಸಿಕೊಂಡು ಹೋದದ್ದು ಅದನ್ನೇ ಅಂತೆ.

8. ಊರಲ್ಲಿ ಕಲ್ಲು ನಿಲ್ಲಿಸುವುದಾದರೆ

ಇದು ನಮ್ಮ ನಾಡಿಗೆ ಹೊಸದಲ್ಲ. ಕಾಳಗದಲ್ಲಿ ಬಿದ್ದವನಿಗೆ ವೀರಗಲ್ಲು ನಿಲ್ಲಿಸುವುದು ಸಾವಿರ ವರ್ಷಕ್ಕೂ ಹಳೆಯ ಪದ್ಧತಿ. ಎಷ್ಟೋ ಕಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವನು. ‘ಬೆಂಗಳೂರು’ ಎಂಬ ಹೆಸರು ಕ್ರಿ.ಶ. 900ರ ಸುಮಾರಿನಷ್ಟು ಹಿಂದೆಯೇ ಇತ್ತು ಅಂತ ಇವತ್ತು ನಮಗೆ ಗೊತ್ತಿರುವುದು ಬೇಗೂರಿನ ಒಂದು ಕಲ್ಲಿನಿಂದ. ಅದರಲ್ಲಿರುವುದು ಬೆಂಗಳೂರಿನ ಕಾಳಗದಲ್ಲಿ ಸತ್ತ ಒಬ್ಬನ ನೆನಪು.

ಊರಿನ ಜಾಗದಲ್ಲಿ ನಿಲ್ಲಿಸುವುದಾದರೆ ಗ್ರಾಮ ಪಂಚಾಯ್ತಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ರಸ್ತೆ ಅಂಚು ಬೇಡ, ನಾಳೆ ಅಗಲ ಮಾಡುವಾಗ ಕೀಳುತ್ತಾರೆ. ಶಾಲೆಯ ಅಂಗಳ ಒಳ್ಳೆಯದು. ನಿಮ್ಮ ಮನೆಯವರೊಬ್ಬರನ್ನೇ ಬರೆಸುವ ಮುಂಚೆ ಊರಲ್ಲಿ ಇನ್ನು ಯಾರು ಹೋಗಿದ್ದರು ಅಂತ ಮನೆ ಮನೆಗೂ ಹೋಗಿ ಕೇಳಿ, ಕೇರಿ ಬಿಡದೆ ಕೇಳಿ. ನಮ್ಮ ಊರಲ್ಲಿ ಇನ್ನಿಬ್ಬರು ಸಿಕ್ಕರು. ಒಬ್ಬರ ಮನೆಯವರಿಗೆ ಅವರ ಹೆಸರು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ, ಫೋಟೋ ಕೂಡ ಇರಲಿಲ್ಲ. ಅವರ ಹೆಸರನ್ನು ಮೊದಲು ಬರೆಸಿದೆವು.

ಬರಹ ಚಿಕ್ಕದಾಗಿರಲಿ. ಕನ್ನಡದಲ್ಲಿ ಹೆಸರು, ತಂದೆ ತಾಯಿ ಹೆಸರು, ದಳ, ಸತ್ತ ಜಾಗ, ದಿನ. ಅಕ್ಷರ ಆಳವಾಗಿ ಕೆತ್ತಿಸಿ, ಬಣ್ಣ ಬಳಿದದ್ದು ಎರಡು ಮಳೆಗಾಲಕ್ಕೆ ಹೋಗುತ್ತದೆ. ಕಲ್ಲು ಕೆತ್ತುವವರಿಗೆ ಬಾಯಲ್ಲಿ ಹೇಳಬೇಡಿ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಕೊಡಿ. ಕೆತ್ತುವ ಮುಂಚೆ ಸುಣ್ಣದಕಡ್ಡಿಯಲ್ಲಿ ಬರೆದು ತೋರಿಸಲು ಹೇಳಿ, ಮನೆಯ ಇಬ್ಬರು ಬೇರೆ ಬೇರೆಯಾಗಿ ಓದಿ ನೋಡಲಿ. ನಮ್ಮಲ್ಲಿ ಮುತ್ತಜ್ಜಿಯ ಹೆಸರಿನಲ್ಲಿ ಒಂದು ದೀರ್ಘ ತಪ್ಪಿಹೋಗಿತ್ತು. ಅದನ್ನು ಹಿಡಿದವಳು ಆರನೇ ಕ್ಲಾಸಿನ ನನ್ನ ತಂಗಿಯ ಮಗಳು.